ಗೆದ್ದೆತ್ತಿನ ಬಾಲ

ಹಳೆಯ ಲ್ಯಾಪ್‌ಟಾಪ್ ಬಿಸಾಡುವ ಮೊದಲು ಅದರಲ್ಲಿ ಏನೇನಿದೆ ಎಂದು ನೋಡುತ್ತಾ ಕೂತಿದ್ದೆ. ನಾನೇ ಬರೆದ ಎರಡು ಅಪ್ರೈಸಲ್ ಟಿಪ್ಪಣಿಗಳು, ಅಂದರೆ ವರ್ಷದ ಕೆಲಸ ತೂಗಿ ಬರೆಯುವ ವರದಿಗಳು, ಸಿಕ್ಕಿದವು. ಎರಡೂ ನನ್ನ ತಂಡದಲ್ಲಿದ್ದ ಒಬ್ಬರ ಬಗ್ಗೆಯೇ. ನಡುವೆ ಒಂದು ವರ್ಷದ ಅಂತರ.

ಮೊದಲನೆಯದರಲ್ಲಿ ಹೀಗಿತ್ತು: "ಬೇಗ ನಿರ್ಧಾರ ತೆಗೆದುಕೊಳ್ಳುತ್ತಾರೆ. ಸುಮ್ನೆ ಚರ್ಚೆ ಎಳೆಯುವುದಿಲ್ಲ. ಇವರ ಕೈಕೆಳಗಿನವರಿಗೆ ಏನು ಮಾಡಬೇಕು ಅನ್ನುವುದರಲ್ಲಿ ಗೊಂದಲವೇ ಇರುವುದಿಲ್ಲ." ಎರಡನೆಯದು: "ಅವಸರ ಜಾಸ್ತಿ. ಬೇರೆಯವರ ಮಾತಿಗೆ ಕಿವಿಗೊಡುವುದಿಲ್ಲ. ಕೈಕೆಳಗಿನವರು ಎದುರು ಮಾತಾಡಲು ಹಿಂಜರಿಯುತ್ತಾರೆ."

ಆ ಒಂದು ವರ್ಷದಲ್ಲಿ ಅವರೇನೂ ಬದಲಾಗಿರಲಿಲ್ಲ. ದಿನಾ ಪಕ್ಕದಲ್ಲೇ ಕೂರುತ್ತಿದ್ದವನು ನಾನು, ನನಗೆ ಗೊತ್ತು. ಬದಲಾಗಿದ್ದು ಅಂಕಿ. ಮೊದಲ ವರ್ಷ ಅವರ ವಿಭಾಗದ ಮಾರಾಟ ಏರಿತ್ತು. ಎರಡನೇ ವರ್ಷ ಒಬ್ಬ ದೊಡ್ಡ ಗ್ರಾಹಕ ಕೈಬಿಟ್ಟ. ಆ ಗ್ರಾಹಕನ ಕಂಪನಿಯನ್ನು ಇನ್ಯಾರೋ ಕೊಂಡುಕೊಂಡಿದ್ದರು, ಹೊಸ ಮಾಲೀಕರು ತಮ್ಮ ಹಳೆಯ ಪೂರೈಕೆದಾರರ ಕಡೆ ಹೋದರು. ನಮ್ಮವರು ತಲೆಕೆಳಗಾಗಿ ನಿಂತಿದ್ದರೂ ಅದನ್ನು ತಡೆಯಲು ಆಗುತ್ತಿರಲಿಲ್ಲ. ಇದೆಲ್ಲ ಗೊತ್ತಿದ್ದೂ ನಾನು ಆ ಎರಡನೇ ಟಿಪ್ಪಣಿ ಬರೆದಿದ್ದೆ. ಬರೆಯುವಾಗ ಸುಳ್ಳು ಹೇಳುತ್ತಿದ್ದೇನೆ ಅಂತ ಒಂದು ಕ್ಷಣವೂ ಅನ್ನಿಸಿರಲಿಲ್ಲ. ಅದೇ ನನ್ನನ್ನು ಕಾಡಿದ್ದು.

ಗೆದ್ದೆತ್ತಿನ ಬಾಲ ಹಿಡಿಯುವುದು ಅಂತ ನಮ್ಮಲ್ಲಿ ಮಾತಿದೆ. ಅವಕಾಶವಾದಿಗಳಿಗೆ ಹೇಳುವ ಮಾತು. ಆದರೆ ನನ್ನಂಥವರು ಲಾಭಕ್ಕಾಗಿಯೂ ಅಲ್ಲ, ಪ್ರಾಮಾಣಿಕವಾಗಿಯೇ ಅದರ ಬಾಲ ಹಿಡಿದಿರುತ್ತೇವೆ. ಯಾವ ಎತ್ತು ಗೆದ್ದಿತೋ ಅದರ ಕೊಂಬು, ಕಾಲು, ನಡಿಗೆ ಎಲ್ಲವೂ ನಮಗೆ ಚೆಂದ ಕಾಣುತ್ತದೆ. ಸೋತರೆ ಅದೇ ಕೊಂಬು ವಕ್ರ.

ಕೆಲವು ವರ್ಷಗಳಿಂದ ನಾನು ಮ್ಯಾನೇಜ್‌ಮೆಂಟ್ ಸಂಶೋಧನೆಗಳನ್ನು ಓದುತ್ತಿದ್ದೇನೆ. ಓದು ಶುರುವಾಗಿದ್ದು ಕೆಲಸಕ್ಕೆ ಉಪಯೋಗವಾಗಲಿ ಅಂತ. ಈಗ ಬೇರೆಯೇ ಕಾರಣಕ್ಕೆ ಓದುತ್ತೇನೆ. ನಾನು ಆ ಎರಡು ಟಿಪ್ಪಣಿಗಳಲ್ಲಿ ಮಾಡಿದ ತಪ್ಪನ್ನೇ ಈ ಇಡೀ ಕ್ಷೇತ್ರ ದೊಡ್ಡ ಮಟ್ಟದಲ್ಲಿ ಮಾಡಿದೆ, ಮತ್ತು ಅದರಲ್ಲಿ ಕೆಲವರು ಆ ತಪ್ಪಿನಿಂದ ತಪ್ಪಿಸಿಕೊಳ್ಳಲು ತುಂಬಾ ಜಾಣ ಉಪಾಯಗಳನ್ನು ಕಂಡುಹಿಡಿದಿದ್ದಾರೆ. ಆ ಉಪಾಯಗಳ ಮೋಹ ನನಗೆ.

ತಪ್ಪಿನಿಂದಲೇ ಶುರು ಮಾಡುತ್ತೇನೆ. 1975ರಲ್ಲಿ ಬ್ಯಾರಿ ಸ್ಟಾ ಎಂಬ ಸಂಶೋಧಕ ಒಂದು ಸಣ್ಣ ಪ್ರಯೋಗ ಮಾಡಿದ. ಜನರನ್ನು ಚಿಕ್ಕ ಚಿಕ್ಕ ಗುಂಪು ಮಾಡಿ ಕೂರಿಸಿದ. ಒಂದು ಕಂಪನಿಯ ಲೆಕ್ಕಪತ್ರ ಕೊಟ್ಟು, ಮುಂದಿನ ಮಾರಾಟ ಮತ್ತು ಪ್ರತಿ ಷೇರಿನ ಗಳಿಕೆ ಎಷ್ಟಾಗಬಹುದು ಅಂತ ಅಂದಾಜು ಮಾಡಿ ಎಂದ. ಕೆಲಸ ಮುಗಿದ ಮೇಲೆ ಕೆಲವು ಗುಂಪುಗಳಿಗೆ "ನೀವು ತುಂಬಾ ಚೆನ್ನಾಗಿ ಮಾಡಿದಿರಿ" ಎಂದು ತಿಳಿಸಲಾಯಿತು, ಉಳಿದವಕ್ಕೆ "ಚೆನ್ನಾಗಿ ಮಾಡಲಿಲ್ಲ" ಎಂದು. ಯಾರಿಗೆ ಏನು ಹೇಳುವುದು ಎನ್ನುವುದಕ್ಕೂ ಅವರು ನಿಜವಾಗಿ ಮಾಡಿದ ಕೆಲಸಕ್ಕೂ ಸಂಬಂಧವೇ ಇರಲಿಲ್ಲ. ಚೀಟಿ ಎತ್ತಿದ ಹಾಗೆ. ಆಮೇಲೆ ನಿಮ್ಮ ಗುಂಪು ಹೇಗಿತ್ತು ಅಂತ ಕೇಳಿದ. ಗೆದ್ದೆವು ಎಂದುಕೊಂಡವರು ನಮ್ಮಲ್ಲಿ ಒಗ್ಗಟ್ಟಿತ್ತು, ಮನಬಿಚ್ಚಿ ಮಾತಾಡಿದೆವು, ಹುರುಪಿತ್ತು ಎಂದರು. ಸೋತೆವು ಎಂದುಕೊಂಡವರು ಅದೇ ವಿಷಯಗಳಲ್ಲಿ ತಮಗೆ ಕಡಿಮೆ ಅಂಕ ಕೊಟ್ಟುಕೊಂಡರು.

ಇದು ಬರೀ ಮೋಜಿನ ಪ್ರಯೋಗ ಅಲ್ಲ. ಯೋಚಿಸಿ ನೋಡಿ. ಯಶಸ್ವಿ ಕಂಪನಿಗಳಿಗೆ ಹೋಗಿ "ನಿಮ್ಮ ಸಂಸ್ಕೃತಿ ಹೇಗಿದೆ, ನಿಮ್ಮ ನಾಯಕ ಹೇಗೆ" ಅಂತ ಪ್ರಶ್ನಾವಳಿ ತುಂಬಿಸಿಕೊಂಡು, ಉತ್ತರಕ್ಕೂ ಲಾಭಕ್ಕೂ ಸಂಬಂಧ ಹುಡುಕಿದ ಸಂಶೋಧನೆಗಳು ಎಷ್ಟಿರಬಹುದು? ಒಗ್ಗಟ್ಟಿನಿಂದ ಲಾಭ ಬಂತೋ, ಲಾಭ ಬಂದದ್ದು ಗೊತ್ತಿದ್ದರಿಂದ ಒಗ್ಗಟ್ಟು ಕಂಡಿತೋ, ಆ ಪ್ರಶ್ನಾವಳಿ ಹೇಳುವುದಿಲ್ಲ.

ಪುಸ್ತಕದಂಗಡಿಯ ಮ್ಯಾನೇಜ್‌ಮೆಂಟ್ ಕಪಾಟು ಬಹುಪಾಲು ನಿಂತಿರುವುದೇ ಈ ಅಡಿಪಾಯದ ಮೇಲೆ. 1982ರಲ್ಲಿ ಅಮೆರಿಕದಲ್ಲಿ ಬಂದ ಒಂದು ಪುಸ್ತಕ 43 ಅತ್ಯುತ್ತಮ ಕಂಪನಿಗಳನ್ನು ಆರಿಸಿ ಅವುಗಳ ಗುಣಗಳನ್ನು ಪಟ್ಟಿ ಮಾಡಿತು. ಲಕ್ಷಾಂತರ ಪ್ರತಿ ಮಾರಾಟವಾಯಿತು. ಎರಡೇ ವರ್ಷದಲ್ಲಿ, 1984ರ ನವೆಂಬರ್‌ನಲ್ಲಿ, ಬಿಸಿನೆಸ್ ವೀಕ್ ಪತ್ರಿಕೆ ಆ ಕಂಪನಿಗಳಲ್ಲಿ ಹಲವು ಮುಗ್ಗರಿಸಿವೆ ಅಂತ ಮುಖಪುಟದಲ್ಲೇ ಕಾಲೆಳೆಯಿತು. 2001ರಲ್ಲಿ ಬಂದ ಇನ್ನೊಂದು ಪುಸ್ತಕ 1,435 ಕಂಪನಿಗಳನ್ನು ಜರಡಿ ಹಿಡಿದು 11ನ್ನು ಎತ್ತಿ ತೋರಿಸಿತು. ಆ 11ರಲ್ಲಿ ಎಲೆಕ್ಟ್ರಾನಿಕ್ಸ್ ಮಳಿಗೆಗಳ ಸರ್ಕ್ಯೂಟ್ ಸಿಟಿ 2008ರಲ್ಲಿ ದಿವಾಳಿಯಾಯಿತು. ಅದೇ ವರ್ಷ ಅದರಲ್ಲೇ ಇದ್ದ ಗೃಹಸಾಲ ವ್ಯವಹಾರದ ಫ್ಯಾನಿ ಮೇ ಕಂಪನಿಯನ್ನು ಅಮೆರಿಕ ಸರ್ಕಾರ ತನ್ನ ಹಿಡಿತಕ್ಕೆ ತೆಗೆದುಕೊಳ್ಳಬೇಕಾಯಿತು. ಕಂಪನಿಗಳು ಬೀಳುತ್ತವೆ, ಅದರಲ್ಲಿ ವಿಶೇಷ ಏನಿಲ್ಲ. ನನ್ನ ತಕರಾರು ಬೇರೆ. ಗೆದ್ದವರನ್ನು ಮೊದಲು ಆರಿಸಿ, ಆಮೇಲೆ ಅವರ ಗುಣ ಹುಡುಕಿದರೆ, ಸಿಗುವುದು ಗೆದ್ದವರ ಬಗ್ಗೆ ಜನ ಆಡುವ ಮಾತು ಮಾತ್ರ. ಪತ್ರಿಕೆಯ ಲೇಖನ, ಆಮೇಲೆ ಮಾಡಿದ ಸಂದರ್ಶನ, ಎಲ್ಲದಕ್ಕೂ ಆಗಲೇ ಗೆಲುವಿನ ಬಣ್ಣ ಹತ್ತಿರುತ್ತದೆ.

(ಇಂಥ ಪುಸ್ತಕಗಳು ನನ್ನ ಕಪಾಟಿನಲ್ಲೂ ಇವೆ. ಅಡಿಗೆರೆ ಹಾಕಿ ಓದಿದ್ದೇನೆ. ಈಗ ಆ ಅಡಿಗೆರೆಗಳನ್ನು ನೋಡಿದರೆ ನಾಚಿಕೆಯಾಗುತ್ತದೆ.)

ಈ ಕ್ಷೇತ್ರದ ಮೂಲ ಕಥೆಗಳೂ ಇದರಿಂದ ಹೊರತಲ್ಲ. ಮ್ಯಾನೇಜ್‌ಮೆಂಟ್ ಓದಿದವರೆಲ್ಲ ಹಾಥಾರ್ನ್ ಪ್ರಯೋಗದ ಬಗ್ಗೆ ಕೇಳಿರುತ್ತಾರೆ. ಶಿಕಾಗೊ ಹತ್ತಿರ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಕಾರ್ಖಾನೆ. 1924ರಿಂದ ಅಲ್ಲಿ ದೀಪದ ಬೆಳಕು ಹೆಚ್ಚು ಕಡಿಮೆ ಮಾಡಿ ಕೆಲಸಗಾರರ ಉತ್ಪಾದನೆ ಹೇಗೆ ಬದಲಾಗುತ್ತದೆ ಅಂತ ನೋಡಿದರು. ಬೆಳಕು ಹೆಚ್ಚಿಸಿದರೂ ಉತ್ಪಾದನೆ ಏರಿತು, ಇಳಿಸಿದರೂ ಏರಿತು, ಯಾಕೆಂದರೆ ಯಾರೋ ತಮ್ಮನ್ನು ಗಮನಿಸುತ್ತಿದ್ದಾರೆ ಅನ್ನುವುದೇ ಕೆಲಸಗಾರರಿಗೆ ಹುರುಪು ಕೊಟ್ಟಿತು. ಹೀಗಂತ ಕಥೆ. ಎಷ್ಟು ಚೆನ್ನಾಗಿದೆ, ಅಲ್ವಾ? ಅದರ ಮೂಲ ಅಂಕಿಅಂಶ ಕಳೆದೇ ಹೋಗಿದೆ ಅಂತ ಬಹಳ ಕಾಲ ಎಲ್ಲರೂ ನಂಬಿದ್ದರು. ಸ್ಟೀವನ್ ಲೆವಿಟ್ ಮತ್ತು ಜಾನ್ ಲಿಸ್ಟ್ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಹುಡುಕಿ ತೆಗೆದು ಮತ್ತೆ ಲೆಕ್ಕ ಹಾಕಿದರು. ಬೆಳಕು ಬದಲಾಯಿಸುತ್ತಿದ್ದದ್ದು ಭಾನುವಾರ, ಕಾರ್ಖಾನೆಗೆ ರಜೆ ಇದ್ದಾಗ. ಹಾಗಾಗಿ ಬದಲಾವಣೆಯಾದ ಮಾರನೇ ದಿನ ಯಾವಾಗಲೂ ಸೋಮವಾರ. ಬೆಳಕು ಮುಟ್ಟದ ವಾರಗಳಲ್ಲೂ ಅಲ್ಲಿ ಶನಿವಾರಕ್ಕಿಂತ ಸೋಮವಾರ ಕೆಲಸ ಜಾಸ್ತಿಯೇ ಆಗುತ್ತಿತ್ತು! ಕಥೆಯಲ್ಲಿ ಹೇಳುವಷ್ಟು ಸ್ಪಷ್ಟವಾದ ಪರಿಣಾಮ ಅವರಿಗೆ ಸಿಗಲಿಲ್ಲ. ಪಾಠದ ಕೋಣೆಗಳಲ್ಲಿ ಮಾತ್ರ ಕಥೆ ಹಾಗೆಯೇ ನಡೆಯುತ್ತಿದೆ.

ನಾಯಕತ್ವದ ಮಾತಿಗೆ ಬಂದರೆ ಸ್ಥಿತಿ ಇನ್ನೂ ಕಷ್ಟ. ಲೀಬರ್ಸನ್ ಮತ್ತು ಓಕಾನರ್ ಎಂಬಿಬ್ಬರು 1972ರಲ್ಲಿ ಅಮೆರಿಕದ 167 ದೊಡ್ಡ ಕಂಪನಿಗಳ 20 ವರ್ಷಗಳ ಲೆಕ್ಕ ತೆಗೆದು ನೋಡಿದರು. ಮಾರಾಟ ಮತ್ತು ಲಾಭದ ಏರಿಳಿತದಲ್ಲಿ ಯಾವ ಉದ್ಯಮ, ಯಾವ ಕಂಪನಿ, ಯಾವ ವರ್ಷ ಎನ್ನುವುದೇ ಬಹುಪಾಲನ್ನು ವಿವರಿಸುತ್ತಿತ್ತು. ಮೇಲೆ ಯಾರು ಕೂತಿದ್ದಾರೆ ಎನ್ನುವುದರ ಪಾಲು ಚಿಕ್ಕದು. ಇದನ್ನು ಒಪ್ಪದವರು ಬೇಕಾದಷ್ಟು ಜನ ಇದ್ದಾರೆ, ವಾದ ಇನ್ನೂ ಮುಗಿದಿಲ್ಲ. 1985ರಲ್ಲಿ ಜೇಮ್ಸ್ ಮೈಂಡ್ಲ್ ಮತ್ತು ಜೊತೆಗಾರರು ಎಲ್ಲವನ್ನೂ ನಾಯಕನ ತಲೆಗೇ ಕಟ್ಟುವ ನಮ್ಮ ಚಟಕ್ಕೆ ಒಂದು ಹೆಸರನ್ನೇ ಇಟ್ಟರು: ನಾಯಕತ್ವದ ಬಗ್ಗೆ ನಮಗಿರುವ ಪ್ರಣಯ. ಫಲ ತೀರಾ ಒಳ್ಳೆಯದಾದಾಗಲೂ ತೀರಾ ಕೆಟ್ಟದ್ದಾದಾಗಲೂ ನಾವು ನಾಯಕನನ್ನೇ ಕಾರಣ ಮಾಡುತ್ತೇವೆ. ಸಾಧಾರಣವಾಗಿದ್ದಾಗ ಅವನ ನೆನಪೇ ಬರುವುದಿಲ್ಲ.

ಈಗ ಆಡಳಿತ ಮಂಡಳಿಗಳ ಕಡೆ ಬರುತ್ತೇನೆ, ಯಾಕೆಂದರೆ ಗೆದ್ದೆತ್ತಿನ ಬಾಲ ಹಿಡಿದು ನಿಜವಾದ ದುಡ್ಡು ಕಳೆದುಕೊಂಡದ್ದು ಇಲ್ಲಿ.

ಸಮಸ್ಯೆ ಹಳೆಯದು. ಬೇರೆಯವರ ಹಣ ನೋಡಿಕೊಳ್ಳುವ ನಿರ್ದೇಶಕರು ಅದನ್ನು ತಮ್ಮ ಸ್ವಂತ ಹಣದಷ್ಟು ಕಾಳಜಿಯಿಂದ ಕಾಯುತ್ತಾರೆ ಅಂತ ನಿರೀಕ್ಷಿಸಬೇಡಿ ಎಂದು ಆಡಮ್ ಸ್ಮಿತ್ 1776ರಲ್ಲೇ ಬರೆದಿದ್ದ. 1932ರಲ್ಲಿ ಅಡಾಲ್ಫ್ ಬರ್ಲಿ ಮತ್ತು ಗಾರ್ಡಿನರ್ ಮೀನ್ಸ್ ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಮಾಲೀಕರೇ ಬೇರೆ, ಕಂಪನಿ ನಡೆಸುವವರೇ ಬೇರೆ ಆಗಿದ್ದಾರೆ ಅಂತ ತೋರಿಸಿದರು. ಷೇರು ಸಾವಿರಾರು ಜನರ ಕೈಯಲ್ಲಿ ಚದುರಿದೆ, ಯಾರೊಬ್ಬರಿಗೂ ಪ್ರಶ್ನೆ ಕೇಳುವ ಬಲವಿಲ್ಲ. 1976ರಲ್ಲಿ ಮೈಕೆಲ್ ಜೆನ್ಸನ್ ಮತ್ತು ವಿಲಿಯಂ ಮೆಕ್ಲಿಂಗ್ ಇದಕ್ಕೊಂದು ಲೆಕ್ಕದ ರೂಪ ಕೊಟ್ಟರು. ಮ್ಯಾನೇಜರ್ ಎಂದರೆ ಷೇರುದಾರರ ಏಜೆಂಟ್, ಅವನ ಮೇಲೆ ಕಣ್ಣಿಡಲು ಖರ್ಚಾಗುತ್ತದೆ, ಕಣ್ಣಿಡದಿದ್ದರೂ ನಷ್ಟವಾಗುತ್ತದೆ. ಕಾರ್ಪೊರೇಟ್ ಆಡಳಿತದ, ಅಂದರೆ ಕಂಪನಿ ನಡೆಸುವವರನ್ನು ಹಿಡಿತದಲ್ಲಿಡುವ ವ್ಯವಸ್ಥೆಯ, ಬಹುಪಾಲು ಸಂಶೋಧನೆ ಇವತ್ತಿಗೂ ಈ ಎರಡು ಖರ್ಚುಗಳ ಸುತ್ತಲೇ ಗಿರಕಿ ಹೊಡೆಯುತ್ತದೆ.

ಹಾಗಾದರೆ ಹೊಲಕ್ಕೆ ಬೇಲಿ ಬೇಕು. ಕಂಪನಿಯ ಜೊತೆ ಬೇರೆ ನಂಟಿಲ್ಲದ ಸ್ವತಂತ್ರ ನಿರ್ದೇಶಕರು, ಲೆಕ್ಕಪತ್ರದ ಮೇಲೆ ಕಣ್ಣಿಡುವ ಆಡಿಟ್ ಸಮಿತಿ, ನೀತಿ ಸಂಹಿತೆ. 1991ರಲ್ಲಿ ಬ್ರಿಟನ್ನಿನಲ್ಲಿ ಪತ್ರಿಕೆಗಳ ಮಾಲೀಕ ಮ್ಯಾಕ್ಸ್‌ವೆಲ್ ನೌಕರರ ಪಿಂಚಣಿ ಹಣ ನುಂಗಿದ ಹಗರಣ, ಮರುವರ್ಷ ಕಂಪನಿ ಆಡಳಿತ ಹೇಗಿರಬೇಕು ಎನ್ನುವ ಕ್ಯಾಡ್ಬರಿ ಸಮಿತಿಯ ವರದಿ. 2001ರಲ್ಲಿ ಅಮೆರಿಕದ ಇಂಧನ ಕಂಪನಿ ಎನ್ರಾನ್‌ನ ಲೆಕ್ಕಪತ್ರ ಹಗರಣ, ಮರುವರ್ಷ ಕಂಪನಿಗಳ ಲೆಕ್ಕ ಬಿಗಿ ಮಾಡುವ ಸಾರ್ಬೇನ್ಸ್–ಆಕ್ಸ್‌ಲೀ ಕಾನೂನು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಈ ಕ್ಷೇತ್ರದ ವಾಡಿಕೆ. ಆದರೆ ಕೋಟೆ ಕೊಳ್ಳೆ ಹೋಗುವ ಮೊದಲು ಆ ಬಾಗಿಲು ಹೇಗೆ ಕಾಣುತ್ತಿತ್ತು ಅಂತ ಕೇಳಬೇಕು.

ಎನ್ರಾನ್ ಬಾಗಿಲು ಭದ್ರವಾಗಿಯೇ ಕಾಣುತ್ತಿತ್ತು. ನಿರ್ದೇಶಕರಲ್ಲಿ ಬಹುಪಾಲು ಹೊರಗಿನವರು. ಆಡಿಟ್ ಸಮಿತಿಯ ಮುಖ್ಯಸ್ಥ ಲೆಕ್ಕಶಾಸ್ತ್ರದ ಪ್ರಾಧ್ಯಾಪಕ, ಹೆಸರಾಂತ ಬಿಸಿನೆಸ್ ಸ್ಕೂಲಿನ ಮಾಜಿ ಡೀನ್. 2000ದಲ್ಲಿ ಒಂದು ಪತ್ರಿಕೆ ಎನ್ರಾನ್‌ನ ಆಡಳಿತ ಮಂಡಳಿಯನ್ನು ಅಮೆರಿಕದ ಅತ್ಯುತ್ತಮ ಐದರಲ್ಲಿ ಒಂದು ಎಂದು ಹೆಸರಿಸಿತು. ಅದಕ್ಕೆ ಒಂದು ವರ್ಷ ಮೊದಲೇ ಆ ಮಂಡಳಿ ಕಂಪನಿಯ ನೀತಿ ಸಂಹಿತೆಯನ್ನು ಬದಿಗಿಟ್ಟು, ಕಂಪನಿಯ ಹಣಕಾಸು ಮುಖ್ಯಸ್ಥ ಕಂಪನಿಯ ಜೊತೆಗೇ ವ್ಯವಹಾರ ಮಾಡುವ ಸ್ವಂತ ಪಾಲುದಾರಿಕೆ ಸಂಸ್ಥೆ ನಡೆಸಲು ಒಪ್ಪಿಗೆ ಕೊಟ್ಟಿತ್ತು. ಷೇರು ಬೆಲೆ ಏರುತ್ತಿತ್ತು. ಹಾಗಾಗಿ ಮಂಡಳಿ ಚೆನ್ನಾಗಿ ಕಂಡಿತು. 2001ರ ಡಿಸೆಂಬರ್ 2ರಂದು ಎನ್ರಾನ್ ದಿವಾಳಿ ಅರ್ಜಿ ಹಾಕಿತು.

ನಮ್ಮ ದೇಶದ ಐಟಿ ಕಂಪನಿ ಸತ್ಯಂ ಕಥೆ ಇದರದೇ ಪಡಿಯಚ್ಚು. 2008ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ ಕಾರ್ಪೊರೇಟ್ ಆಡಳಿತಕ್ಕಾಗಿಯೇ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂತು. ಮಂಡಳಿಯಲ್ಲಿ ಬಿಸಿನೆಸ್ ಸ್ಕೂಲುಗಳ ಪ್ರಾಧ್ಯಾಪಕರಿದ್ದರು. ಡಿಸೆಂಬರ್‌ನಲ್ಲಿ, ಅಧ್ಯಕ್ಷರ ಕುಟುಂಬಕ್ಕೇ ಸೇರಿದ ಎರಡು ಕಂಪನಿಗಳನ್ನು ಸುಮಾರು 160 ಕೋಟಿ ಡಾಲರ್ ಕೊಟ್ಟು ಕೊಳ್ಳುವ ಪ್ರಸ್ತಾವಕ್ಕೆ ಆ ಮಂಡಳಿ ಒಪ್ಪಿಗೆ ನೀಡಿತು. ಹೂಡಿಕೆದಾರರು ತಿರುಗಿಬಿದ್ದು, ಕೆಲವೇ ಗಂಟೆಗಳಲ್ಲಿ ಅದನ್ನು ಕೈಬಿಡಬೇಕಾಯಿತು. 2009ರ ಜನವರಿ 7ರಂದು ಅಧ್ಯಕ್ಷರೇ ಪತ್ರ ಬರೆದು ಲೆಕ್ಕಪತ್ರ ಸುಳ್ಳು ಎಂದು ಒಪ್ಪಿಕೊಂಡರು. ಪ್ರಶಸ್ತಿಯನ್ನು ಆಮೇಲೆ ವಾಪಸ್ ಪಡೆದರು. ಪ್ರಶಸ್ತಿ ವಾಪಸ್ ಪಡೆದದ್ದು ನನಗೆ ಒಂಥರಾ ಬೇಸರ. ಅದು ಅಲ್ಲೇ ಇರಬೇಕಿತ್ತು, ನಾವು ಹೇಗೆ ತೂಗುತ್ತೇವೆ ಎನ್ನುವುದಕ್ಕೆ ಸಾಕ್ಷಿಯಾಗಿ.

ಅಂಕಿ ಸಂಖ್ಯೆ ಹಿಡಿದು ಇದನ್ನು ಅಳೆಯಲು ಹೋದವರ ಕಥೆಯೂ ಸ್ವಾರಸ್ಯವಾಗಿದೆ. 2003ರಲ್ಲಿ ಗೊಂಪರ್ಸ್, ಇಶಿಯಿ, ಮೆಟ್ರಿಕ್ ಎಂಬ ಮೂವರು ಸುಮಾರು 1,500 ಅಮೆರಿಕನ್ ಕಂಪನಿಗಳ ನಿಯಮಗಳನ್ನು ಎಣಿಸಿದರು. ಷೇರುದಾರರ ಕೈಕಟ್ಟಿಹಾಕುವಂಥ 24 ನಿಯಮಗಳಲ್ಲಿ ಯಾವ ಕಂಪನಿಯಲ್ಲಿ ಎಷ್ಟಿವೆ ಅಂತ. ಹೆಚ್ಚು ನಿಯಮ ಇದ್ದರೆ ಸರ್ವಾಧಿಕಾರ, ಕಡಿಮೆ ಇದ್ದರೆ ಪ್ರಜಾಪ್ರಭುತ್ವ. 1990ರ ದಶಕದಲ್ಲಿ ಪ್ರಜಾಪ್ರಭುತ್ವದ ಷೇರು ಕೊಂಡು ಸರ್ವಾಧಿಕಾರದ ಷೇರು ಮಾರಿದವನಿಗೆ ವರ್ಷಕ್ಕೆ ಶೇ 8.5ರಷ್ಟು ಹೆಚ್ಚುವರಿ ಲಾಭ ಸಿಗುತ್ತಿತ್ತು. ಭಾರೀ ಸುದ್ದಿಯಾಯಿತು. ಒಳ್ಳೆಯ ಆಡಳಿತದಿಂದ ಲಾಭ ಎಂಬುದಕ್ಕೆ ಕೊನೆಗೂ ಪುರಾವೆ! ಆದರೆ 2013ರಲ್ಲಿ ಲೂಸಿಯನ್ ಬೆಬ್ಚಕ್ ಮತ್ತು ಇಬ್ಬರು ಜೊತೆಗಾರರು 2000ದಿಂದ 2008ರವರೆಗಿನ ಲೆಕ್ಕ ನೋಡಿದರು. ಆ ಹೆಚ್ಚುವರಿ ಲಾಭ ಮಾಯವಾಗಿತ್ತು. ಮಾರುಕಟ್ಟೆ ಪಾಠ ಕಲಿತಿತ್ತು, ಒಳ್ಳೆಯ ಕಂಪನಿಯ ಷೇರಿಗೆ ಮೊದಲೇ ಒಳ್ಳೆಯ ಬೆಲೆ ಇತ್ತು ಅಂತ ಅವರ ವಿವರಣೆ. ಗಮನಿಸಿ, ಒಳ್ಳೆಯ ಆಡಳಿತಕ್ಕೆ ಬೆಲೆಯಿಲ್ಲ ಎಂದು ಅವರು ಹೇಳಲಿಲ್ಲ. ಎಲ್ಲರಿಗೂ ಗೊತ್ತಿರುವ ಗುಣದಿಂದ ಷೇರು ಪೇಟೆಯಲ್ಲಿ ಹೆಚ್ಚಿಗೆ ಗಳಿಸಲು ಆಗುವುದಿಲ್ಲ, ಅಷ್ಟೇ.

ಇನ್ನು ಸಂಬಳ. 1990ರಲ್ಲಿ ಜೆನ್ಸನ್ ಮತ್ತು ಕೆವಿನ್ ಮರ್ಫಿ ಒಂದು ಲೆಕ್ಕ ಮುಂದಿಟ್ಟರು. ಷೇರುದಾರರ ಸಂಪತ್ತು 1,000 ಡಾಲರ್ ಏರಿದರೆ ಅಥವಾ ಇಳಿದರೆ ಸಿಇಒ ಸಂಪತ್ತು ಬದಲಾಗುತ್ತಿದ್ದದ್ದು ಬರೀ 3.25 ಡಾಲರ್. ಸರ್ಕಾರಿ ಗುಮಾಸ್ತರಿಗೆ ಕೊಟ್ಟ ಹಾಗೆ ಸಿಇಒಗಳಿಗೆ ಸಂಬಳ ಕೊಡುತ್ತಿದ್ದೀರಿ, ಇನ್ನು ಅವರು ಷೇರುದಾರರ ಬಗ್ಗೆ ಯಾಕೆ ಚಿಂತಿಸುತ್ತಾರೆ ಅನ್ನುವುದು ಅವರ ವಾದದ ತಿರುಳು. ಮುಂದಿನ ದಶಕದಲ್ಲಿ ಸ್ಟಾಕ್ ಆಪ್ಷನ್‌ಗಳ ಸುರಿಮಳೆಯಾಯಿತು. ಸಂಶೋಧನೆಯೊಂದೇ ಕಾರಣ ಅಲ್ಲ, ತೆರಿಗೆ ಕಾನೂನೂ ಆ ಕಡೆಗೇ ತಳ್ಳಿತ್ತು.

ಆಪ್ಷನ್ ಎಂದರೆ, ಇವತ್ತಿನ ಬೆಲೆಗೆ ಮುಂದೊಂದು ದಿನ ಷೇರು ಕೊಳ್ಳುವ ಹಕ್ಕು. ಕೊಟ್ಟ ದಿನದ ಬೆಲೆ ಕಡಿಮೆ ಇದ್ದಷ್ಟೂ ಪಡೆದವನಿಗೆ ಲಾಭ. ಅಯೋವಾ ವಿಶ್ವವಿದ್ಯಾಲಯದ ಎರಿಕ್ ಲೀ ಎಂಬ ಪ್ರಾಧ್ಯಾಪಕ ಆಪ್ಷನ್ ಕೊಟ್ಟ ದಿನಾಂಕಗಳನ್ನು ಒಟ್ಟುಹಾಕಿ ನೋಡಿದ. ಸರಾಸರಿ ತೆಗೆದರೆ ಆ ದಿನದವರೆಗೆ ಷೇರು ಬೆಲೆ ಇಳಿಯುತ್ತಾ ಬಂದು, ಆ ದಿನದ ನಂತರ ಏರುತ್ತಾ ಹೋಗುತ್ತಿತ್ತು. ಗುಣಿಯ ತಳದಲ್ಲೇ ಕಲ್ಲು ನೆಟ್ಟ ಹಾಗೆ. ಕಂಪನಿಯ ಒಳಗಿನ ಸುದ್ದಿ ಅಧಿಕಾರಿಗಳಿಗೆ ಮೊದಲೇ ಗೊತ್ತಿರುತ್ತದೆ, ಅದಕ್ಕೇ ಒಳ್ಳೆಯ ದಿನ ಆರಿಸಿಕೊಳ್ಳುತ್ತಾರೆ ಅನ್ನಬಹುದಿತ್ತು. ಆದರೆ ಆ ಏರಿಕೆಯ ಒಂದು ಭಾಗ ಇಡೀ ಮಾರುಕಟ್ಟೆಯ ಏರಿಕೆ. ಇಡೀ ಮಾರುಕಟ್ಟೆಯನ್ನು ಮೊದಲೇ ಊಹಿಸುವ ದಿವ್ಯದೃಷ್ಟಿ ಇವರಿಗೆಲ್ಲ ಇರದಿದ್ದರೆ, ಕೆಲವು ದಿನಾಂಕಗಳನ್ನಾದರೂ ಆಮೇಲೆ, ಹಿಂದಿರುಗಿ ನೋಡಿ ಬರೆದಿರಬೇಕು ಎಂದು ಆತ 2005ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಹೇಳಿದ. ಒಂದು ಕಡತವನ್ನೂ ಕದಿಯದೆ, ಒಬ್ಬ ಸಾಕ್ಷಿಯನ್ನೂ ಕೇಳದೆ, ಬರೀ ದಿನಾಂಕ ಮತ್ತು ಬೆಲೆ ಇಟ್ಟುಕೊಂಡು! ಮುಂದೆ ಪತ್ರಕರ್ತರು ಬೆನ್ನು ಹತ್ತಿದರು, ತನಿಖೆ ನಡೆದವು, ಹಲವು ಕಂಪನಿಗಳಲ್ಲಿ ತಲೆಗಳು ಉರುಳಿದವು.

ಈ ಪ್ರಬಂಧ ನನಗೆ ಯಾಕೆ ಇಷ್ಟ ಅಂದರೆ, ಇಲ್ಲಿ ಗೆದ್ದೆತ್ತಿನ ಬಾಲ ಹಿಡಿಯುವುದು ಬರೀ ಮನಸ್ಸಿನ ದೋಷ ಅಲ್ಲ. ಅದಕ್ಕೆ ಕ್ಯಾಲೆಂಡರ್ ಇದೆ, ಸಹಿ ಇದೆ, ದುಡ್ಡಿದೆ. ಫಲ ನೋಡಿಕೊಂಡು, ಆಮೇಲೆ ನಿರ್ಧಾರದ ದಿನ ಬರೆಯುವುದು. ಸಾರ್ಬೇನ್ಸ್–ಆಕ್ಸ್‌ಲೀ ಕಾನೂನಿನಲ್ಲಿ ಆಪ್ಷನ್ ಕೊಟ್ಟ ಎರಡು ಕೆಲಸದ ದಿನಗಳೊಳಗೆ ವರದಿ ಮಾಡಬೇಕು ಅಂತ ಒಂದು ಸಣ್ಣ ನಿಯಮ ಇತ್ತು. ಆ ನಿಯಮ ಬಂದ ಮೇಲೆ ಈ ಆಟ ಬಹಳ ಮಟ್ಟಿಗೆ ತಗ್ಗಿತು. ನೀತಿಪಾಠ ಹೇಳಿ ಅಲ್ಲ, ಹಿಂದಿರುಗಿ ನೋಡುವ ಸಮಯವನ್ನೇ ಕಿತ್ತುಕೊಂಡು.

ಈಗ ಆ ಜಾಣ ಉಪಾಯಗಳಿಗೆ ಬರೋಣ. ಉಪಾಯದ ಮೂಲ ಒಂದೇ: ತೂಗುವವನಿಗೆ ಫಲ ಗೊತ್ತಾಗದ ಹಾಗೆ ನೋಡಿಕೊಳ್ಳುವುದು.

ನಿಕೋಲಸ್ ಬ್ಲೂಮ್ ಮತ್ತು ಜಾನ್ ವಾನ್ ರೀನನ್ ಕಾರ್ಖಾನೆಗಳ ಮ್ಯಾನೇಜರುಗಳಿಗೆ ಫೋನ್ ಮಾಡಿಸಿ ಸಂದರ್ಶನ ಮಾಡಿಸಿದರು. 2007ರ ಅವರ ಪ್ರಬಂಧದಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್, ಜರ್ಮನಿಯ 732 ಕಂಪನಿಗಳಿವೆ. ತಮಗೆ ಅಂಕ ಹಾಕುತ್ತಿದ್ದಾರೆ ಎಂಬುದು ಮ್ಯಾನೇಜರಿಗೆ ಗೊತ್ತಿಲ್ಲ. ಆ ಕಂಪನಿಗೆ ಲಾಭವೋ ನಷ್ಟವೋ ಎಂಬುದು ಸಂದರ್ಶಕನಿಗೆ ಗೊತ್ತಿಲ್ಲ. "ನಿಮ್ಮಲ್ಲಿ ಉತ್ತಮ ಪದ್ಧತಿ ಇದೆಯಾ" ಅಂತ ಕೇಳುವುದೇ ಇಲ್ಲ. ಯಂತ್ರ ಕೆಟ್ಟರೆ ಏನಾಗುತ್ತದೆ ಹೇಳಿ, ಹೋದ ಸಲ ಏನಾಯಿತು ಹೇಳಿ, ಅಂತ ಮಾತಿಗೆಳೆಯುವುದು. ಹೀಗೆ 18 ವಿಷಯಗಳಿಗೆ ಅಂಕ. ಈ ಅಂಕಕ್ಕೂ ಉತ್ಪಾದಕತೆಗೂ ಒಳ್ಳೆಯ ಸಂಬಂಧ ಸಿಕ್ಕಿತು. ಕೊನೆಗೊಂದು ಪ್ರಶ್ನೆ: ನಿಮ್ಮ ಕಂಪನಿಯ ಆಡಳಿತಕ್ಕೆ ನೀವೇ ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ? ಆ ಉತ್ತರಕ್ಕೂ ಕಂಪನಿಯ ಸಾಧನೆಗೂ ಹೆಚ್ಚುಕಡಿಮೆ ಸಂಬಂಧವೇ ಇರಲಿಲ್ಲ. ನಮ್ಮ ಬಗ್ಗೆ ನಮಗಿರುವ ಅಂದಾಜಿನ ಬೆಲೆ ಅಷ್ಟು.

ಆಸ್ಪತ್ರೆಯ ಕಥೆ ಇನ್ನೂ ಚೆನ್ನಾಗಿದೆ. 1990ರ ದಶಕದಲ್ಲಿ ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ, ಒಳ್ಳೆಯ ತಂಡಗಳಲ್ಲಿ ಔಷಧಿ ಕೊಡುವಾಗ ತಪ್ಪು ಕಡಿಮೆ ಆಗುತ್ತದೆಯೇ ಅಂತ ನೋಡಲು ಹೊರಟರು. ಕಡಿಮೆ ಇರಬೇಕು ಅಂತಲೇ ಎಲ್ಲರೂ ಊಹಿಸುವುದು. ಲೆಕ್ಕ ಬಂದಾಗ ನೋಡಿದರೆ ಉಲ್ಟಾ, ಒಳ್ಳೆಯ ತಂಡಗಳಲ್ಲೇ ತಪ್ಪು ಜಾಸ್ತಿ ದಾಖಲಾಗಿತ್ತು. ಇಲ್ಲಿ ಬೇರೆ ಯಾರಾದರೂ ಆಗಿದ್ದರೆ ಆ ತಂಡಗಳ ಬಗ್ಗೆ ನನ್ನ ಎರಡನೇ ಟಿಪ್ಪಣಿಯಂಥದ್ದನ್ನು ಬರೆದು ಮುಗಿಸುತ್ತಿದ್ದರು. ಅವರು ಒಬ್ಬ ಸಹಾಯಕನನ್ನು ವಾರ್ಡುಗಳಿಗೆ ಕಳಿಸಿದರು. ಯಾವ ವಾರ್ಡಿನಲ್ಲಿ ಎಷ್ಟು ತಪ್ಪು ಎಂಬುದನ್ನು ಅವನಿಗೆ ಹೇಳಲಿಲ್ಲ, ತಮ್ಮ ಊಹೆ ಏನು ಎಂಬುದನ್ನೂ ಹೇಳಲಿಲ್ಲ. ಅವನು ನೋಡಿಕೊಂಡು ಬಂದು ಬರೆದದ್ದನ್ನು ಲೆಕ್ಕದ ಪಕ್ಕ ಇಟ್ಟಾಗ ವಿಷಯ ಗೊತ್ತಾಯಿತು. ತಪ್ಪು ಜಾಸ್ತಿ ದಾಖಲಾದ ಕಡೆ ಜನ ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು. ಕಡಿಮೆ ಇದ್ದ ಕಡೆ ಮುಚ್ಚಿಡುತ್ತಿದ್ದರು, ಹೆದರಿಕೆಯಿಂದ. ಮಾನಸಿಕ ಸುರಕ್ಷತೆ, ಅಂದರೆ ತಪ್ಪನ್ನು ಹೆದರದೆ ಹೇಳಿಕೊಳ್ಳುವ ವಾತಾವರಣ, ಎಂದು ಈಗ ಎಲ್ಲ ತರಬೇತಿಗಳಲ್ಲೂ ಹೇಳಿಸಿಕೊಳ್ಳುವ ಮಾತಿನ ಹಿಂದೆ ಇರುವುದು ಈ ಗೊಂದಲದ ಲೆಕ್ಕ. ತರಬೇತಿಯಲ್ಲಿ ಈ ಭಾಗ ಯಾರೂ ಹೇಳುವುದಿಲ್ಲ, ಅದೊಂದೇ ನನ್ನ ದೂರು.

ಡೆನ್ಮಾರ್ಕಿನ ಕುಟುಂಬ ಕಂಪನಿಗಳ ಅಧ್ಯಯನ ಒಂದಿದೆ, 2007ರದ್ದು. ಮಕ್ಕಳಿಗೆ ಪಟ್ಟ ಕಟ್ಟಿದರೆ ಕಂಪನಿಗೆ ಒಳ್ಳೆಯದೋ ಕೆಟ್ಟದ್ದೋ? ನೇರವಾಗಿ ಹೋಲಿಸಿದರೆ ಪ್ರಯೋಜನವಿಲ್ಲ, ಯಾಕೆಂದರೆ ಚೆನ್ನಾಗಿ ನಡೆಯುತ್ತಿರುವ ಕಂಪನಿಯನ್ನೇ ಮಕ್ಕಳಿಗೆ ಬಿಡುತ್ತಿರಬಹುದು. ಸಂಶೋಧಕರು ಹಿಡಿದ ದಾರಿ ನೋಡಿ: ನಿವೃತ್ತನಾಗುವ ಮುಖ್ಯಸ್ಥನ ಮೊದಲ ಮಗು ಗಂಡೋ ಹೆಣ್ಣೋ? ಗಂಡಾಗಿದ್ದರೆ ಅಧಿಕಾರ ಮನೆಯೊಳಗೇ ಉಳಿಯುವ ಸಾಧ್ಯತೆ ಜಾಸ್ತಿ. ಆದರೆ ಹುಟ್ಟುವ ಮಗುವಿನ ಲಿಂಗಕ್ಕೂ ಕಂಪನಿಯ ಲಾಭಕ್ಕೂ ಏನು ನಂಟು? ನಿಸರ್ಗವೇ ನಾಣ್ಯ ಚಿಮ್ಮಿದ ಹಾಗೆ. ಆ ದಾರಿಯಲ್ಲಿ ಲೆಕ್ಕ ಹಾಕಿದಾಗ, ಅಧಿಕಾರ ಕುಟುಂಬದೊಳಗೆ ಉಳಿದ ಕಡೆ ಆಸ್ತಿಯ ಮೇಲಿನ ಗಳಿಕೆಯ ದರ ಸರಾಸರಿ ಕನಿಷ್ಠ ನಾಲ್ಕು ಶೇಕಡಾ ಅಂಶ ಕುಸಿದಿತ್ತು.

ಮುಂಬೈ ಹತ್ತಿರದ ಬಟ್ಟೆ ಕಾರ್ಖಾನೆಗಳಲ್ಲಿ ಬ್ಲೂಮ್ ಮತ್ತು ಜೊತೆಗಾರರು ನಿಜವಾಗಿಯೇ ಚೀಟಿ ಎತ್ತಿದರು. 17 ಕಂಪನಿ, 28 ಘಟಕ. ಕೆಲವರಿಗೆ ಐದು ತಿಂಗಳು ಸಲಹೆಗಾರರ ಉಚಿತ ನೆರವು, ಉಳಿದವರಿಗೆ ಒಂದು ತಿಂಗಳ ತಪಾಸಣೆ ಮಾತ್ರ. ಸಲಹೆಯಲ್ಲಿ ಮಂತ್ರದಂಥದ್ದು ಏನೂ ಇರಲಿಲ್ಲ. ನೂಲಿನ ದಾಸ್ತಾನು ಎಷ್ಟಿದೆ ಬರೆದಿಡಿ. ಯಂತ್ರ ನಿಲ್ಲುವ ಮೊದಲೇ ಎಣ್ಣೆ ಹಾಕಿ. ಬಟ್ಟೆಯಲ್ಲಿ ದೋಷ ಕಂಡರೆ ದಾಖಲಿಸಿ, ದಿನಾ ಕೂತು ಮಾತಾಡಿ. ನೆಲ ಗುಡಿಸಿ. ಮೊದಲ ವರ್ಷವೇ ಉತ್ಪಾದಕತೆ ಶೇ 17ರಷ್ಟು ಏರಿತು. ಹಾಗಾದರೆ ಇವರೇ ಮೊದಲು ಯಾಕೆ ಮಾಡಲಿಲ್ಲ? ಕೆಲವು ಪದ್ಧತಿಗಳನ್ನು ಅವರು ಕೇಳಿಯೇ ಇರಲಿಲ್ಲ, ಕೇಳಿದ್ದನ್ನು ಪ್ರಯೋಜನವಿಲ್ಲ ಅಂದುಕೊಂಡಿದ್ದರು. ಲಾಭ ಬರುತ್ತಿತ್ತಲ್ಲ! ಇನ್ನೊಂದು ವಿಷಯ ನನ್ನನ್ನು ತಡೆದು ನಿಲ್ಲಿಸಿತು. ಅಲ್ಲಿ ಕಂಪನಿ ಎಷ್ಟು ದೊಡ್ಡದಾಗುತ್ತದೆ ಎಂಬುದನ್ನು ಎಲ್ಲಕ್ಕಿಂತ ಚೆನ್ನಾಗಿ ಹೇಳುತ್ತಿದ್ದದ್ದು ಆಡಳಿತದ ಗುಣಮಟ್ಟ ಅಲ್ಲ, ಮಾಲೀಕರ ಮನೆಯಲ್ಲಿ ಎಷ್ಟು ಜನ ಗಂಡಸರಿದ್ದಾರೆ ಎಂಬುದು. ಹೊರಗಿನ ಮ್ಯಾನೇಜರನ್ನು ನಂಬಿ ಬೀಗದ ಕೈ ಕೊಡುವವರಿಲ್ಲ. ಬರ್ಲಿ, ಮೀನ್ಸ್ ಹೇಳಿದ ಸಮಸ್ಯೆಯ ಇನ್ನೊಂದು ಮಗ್ಗುಲು ಇದು.

ಅದೇ ತಂಡ ಎಂಟೊಂಬತ್ತು ವರ್ಷಗಳ ನಂತರ ಮತ್ತೆ ಹೋಗಿ ನೋಡಿತು. ಕಲಿಸಿದ್ದರಲ್ಲಿ ಸುಮಾರು ಅರ್ಧ ಬಿಟ್ಟುಹೋಗಿತ್ತು, ಘಟಕದ ಮ್ಯಾನೇಜರ್ ಬದಲಾದ ಕಡೆ ಮುಖ್ಯವಾಗಿ. ಆದರೂ ನೆರವು ಪಡೆದವರು ಪಡೆಯದವರಿಗಿಂತ ಮುಂದಿದ್ದರು. ಅರ್ಧ ಉಳಿಯಿತು ಅಂತ ಹೇಳುವುದೋ, ಅರ್ಧ ಹೋಯಿತು ಅಂತ ಹೇಳುವುದೋ? ನಾನು ಮೊದಲನೆಯದನ್ನೇ ಹೇಳುತ್ತೇನೆ. ಈ ಬರಹದಲ್ಲಿ ಬಂದ ಒಳ್ಳೆಯ ಸುದ್ದಿಗಳಲ್ಲಿ ಅದೂ ಒಂದು.

ಆ ಟಿಪ್ಪಣಿಗಳು ಸಿಕ್ಕ ಮೇಲೆ ನಾನು ಎರಡು ಕೆಲಸ ಮಾಡಿದೆ. ಒಂದು, ಅಪ್ರೈಸಲ್‌ನಲ್ಲಿ ಮನುಷ್ಯನ ಬಗ್ಗೆ ಬರೆಯುವ ಭಾಗವನ್ನು ವರ್ಷದ ಅಂಕಿ ಬರುವ ಮೊದಲೇ ಬರೆದು ಮುಗಿಸುತ್ತೇನೆ. ಆಮೇಲೆ ತಿದ್ದುವುದಿಲ್ಲ. ಇದು ಪೂರ್ತಿ ಕುರುಡಲ್ಲ, ಒಳಗೇ ಇರುವವನಿಗೆ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಗೊತ್ತಾಗಿಯೇ ಆಗುತ್ತದೆ. ಆದರೂ ಬರಹದ ಧಾಟಿ ಬದಲಾಗಿದೆ. ವಿಶೇಷಣಗಳು ಕಡಿಮೆಯಾಗಿವೆ, ಯಾವ ದಿನ ಏನು ಮಾಡಿದರು ಎಂಬುದು ಹೆಚ್ಚಾಗಿದೆ.

ಇನ್ನೊಂದು, ಒಂದು ನೋಟ್‌ಬುಕ್. ಏನಾದರೂ ದೊಡ್ಡ ನಿರ್ಧಾರ ತೆಗೆದುಕೊಳ್ಳುವ ದಿನ ಅದರಲ್ಲಿ ತಾರೀಖು ಹಾಕಿ ಮೂರು ಸಾಲು ಬರೆಯುತ್ತೇನೆ. ಏನು ಮಾಡುತ್ತಿದ್ದೇನೆ, ಯಾಕೆ, ಏನಾಗಬಹುದು ಅಂತ ನನಗನ್ನಿಸುತ್ತದೆ. ಬರೆದ ಮೇಲೆ ಫಲ ಬರುವವರೆಗೆ ಆ ಪುಟ ತೆರೆಯುವುದಿಲ್ಲ.

ಹೋದ ತಿಂಗಳು ಹೊಸಬರಿಗೆ ನಾನೊಂದು ಮಾತು ಹೇಳಬೇಕಿತ್ತು. ನಮ್ಮ ತಂಡ ಎರಡು ವರ್ಷಗಳ ಹಿಂದೆ ಒಂದು ಹಳೆಯ ಕೆಲಸವನ್ನು ಪೂರ್ತಿ ನಿಲ್ಲಿಸಿ ಹೊಸದನ್ನು ಕೈಗೆತ್ತಿಕೊಂಡದ್ದು ಚೆನ್ನಾಗಿ ಫಲ ಕೊಟ್ಟಿದೆ. ಆ ನಿರ್ಧಾರ ನನ್ನದು. ಹೇಗೆ ಧೈರ್ಯ ಮಾಡಿದೆ, ಮುಂದೇನಾಗುತ್ತದೆ ಅಂತ ಹೇಗೆ ಕಂಡುಕೊಂಡೆ ಅಂತ ಇಪ್ಪತ್ತು ನಿಮಿಷ ಮಾತಾಡಿದೆ. ಚಪ್ಪಾಳೆಯೂ ಬಿತ್ತು. ಮನೆಗೆ ಬಂದು ನೋಟ್‌ಬುಕ್ ತೆಗೆದೆ. ಆ ತಾರೀಖಿನ ಕೆಳಗೆ ನನ್ನದೇ ಅಕ್ಷರದಲ್ಲಿ ಇತ್ತು: "ಹಳೆಯದನ್ನು ನಡೆಸಲು ಜನ ಸಿಗುತ್ತಿಲ್ಲ. ಬೇರೆ ದಾರಿ ಇಲ್ಲದ್ದಕ್ಕೆ ಇದು. ಆರು ತಿಂಗಳು ನಡೆದರೆ ಹೆಚ್ಚು."